ಸಭಾಸೇವೆಯಲ್ಲಿ ನಾಯಕತ್ವವು ಬೆಳೆಯುವ ಬಗೆ

ಪ್ರತಿ ವರ್ಷದ ಕೊನೆಯಲ್ಲಿ ನಮ್ಮ ಶಾಲೆಯಿಂದ ಒಂದು ತರಗತಿಯ ಹುಡುಗಿಯರು ಹೊರಟುಹೋಗುತ್ತಾರೆ. ಅವರಲ್ಲಿ ಕೆಲವರು ಕಾಲೇಜನ್ನು ಸೇರುತ್ತಾರೆ. ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ಆಗುತ್ತಾರೆ. ಕೆಲವರು ಗೃಹಿಣಿಯರಾಗಿ ದೂರದ ಊರುಗಳಲ್ಲಿ ನೆಲೆಸುತ್ತಾರೆ. ಎಲ್ಲಿ ನೆಲೆಸಿದರೂ ಕ್ರೈಸ್ತರಾದವರಿಗೆ ಅಲ್ಲಿ ಒಂದು ಸಭೆಯುಂಟು. ಆ ಸಭೆಯಲ್ಲಿ ಅವರನ್ನು ಕಾದಿರುವ ಕೆಲಸವೂ ಉಂಟು. ಆದರೆ ಆ ಕೆಲಸವನ್ನು ಮುಂದೆ ನಿಂತು ನಡಿಸಬೇಕೆಂದು ಯಾರಾದರೂ ಕೇಳಿಕೊಂಡಾಗ ನಮ್ಮವರಲ್ಲಿ ಬಹಳ ಮಂದಿ ಹಿಂಜರಿಯುತ್ತಾರೆ. ನಾಯಕತ್ವವು ಹುಟ್ಟಿನಿಂದಲೇ ಬರುವ ಗುಣವೆಂದೂ, ಅದು ತಮಗೆ ದೊರೆತಿಲ್ಲವೆಂದೂ ಅವರ ಎಣಿಕೆ. ಈ ಎಣಿಕೆಯು ಸರಿಯಲ್ಲ. ಸಭಾಸೇವೆಯಲ್ಲಿ ನಾಯಕತ್ವವು ಬೀಜದಂತೆ ಬಿತ್ತಲ್ಪಟ್ಟು, ಕಾಲಕ್ರಮದಲ್ಲಿ ಬೆಳೆಯತಕ್ಕದ್ದು. ಅದು ಹೇಗೆ ಬೆಳೆಯುತ್ತದೆ, ಯಾವುದರಿಂದ ಬಾಡುತ್ತದೆ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಕೂಡಿ ಆಲೋಚಿಸುವುದಕ್ಕಾಗಿ ಈ ಕೆಲವು ಮಾತುಗಳನ್ನು ಬರೆಯಲಾಗಿದೆ.

ಮೊದಲು ನಾಯಕತ್ವವೆಂದರೇನೆಂದು ತಿಳಿದುಕೊಳ್ಳೋಣ. ಲೋಕದಲ್ಲಿ ನಾಯಕನೆಂದರೆ ಆಜ್ಞೆ ಕೊಡುವವನು. ಅವನ ಮಾತಿಗೆ ಇತರರು ನಡೆದುಕೊಳ್ಳುವರು. ಸಭೆಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಕರ್ತನಾದ ಯೇಸುವು ತನ್ನ ಮರಣದ ಹಿಂದಿನ ರಾತ್ರಿಯಲ್ಲಿ ನಡುವಿಗೆ ಕೈಪಾವುಡವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಶಿಷ್ಯರ ಪಾದಗಳನ್ನು ತೊಳೆದ ವೃತ್ತಾಂತವನ್ನು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಎಲ್ಲರೂ ಓದಿರುವರು. ಮನೆಯ ಆಳು ಮಾಡಬೇಕಾದ ಕೆಲಸವನ್ನು ಗುರುವೇ ಮಾಡಿದನು. ಆದಕಾರಣ ಸಭೆಯಲ್ಲಿ ಯಾರು ಮುಂದೆ ನಿಲ್ಲುತ್ತಾರೋ ಅವರು ಹೆಚ್ಚು ಬಗ್ಗಬೇಕಾದವರು. ಅಧಿಕಾರವು ಬೇಕೆನ್ನುವವರಿಗೆ ಈ ಕೆಲಸವು ಸಲ್ಲದು. ಇತರರ ಕ್ಷೇಮವೇ ಬೇಕೆನ್ನುವವರಿಗೆ ಮಾತ್ರ ಸಲ್ಲುವುದು.

ಈ ವಿಷಯವು ನಮ್ಮ ಹೆಣ್ಣುಮಕ್ಕಳಿಗೆ ಈಗ ಏಕೆ ಮುಖ್ಯವೆಂಬುದನ್ನೂ ಹೇಳಬೇಕು. ಕನ್ನಡ ಸೀಮೆಯಲ್ಲಿ ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಯಲ್ಲಿಯೂ, ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಲ್ಲಿಯೂ ಕೆಲಸವನ್ನು ಆರಂಭಿಸಿದರು. ಆ ಕಾಲದಿಂದ ಹುಟ್ಟಿದ ಸಭೆಗಳಲ್ಲಿ ಸ್ತ್ರೀಯರು ಮಾಡಿದ ಕೆಲಸವು ಅಲ್ಪವಲ್ಲ. ಬೈಬಲ್ ಸ್ತ್ರೀಯರೆಂದು ಕರೆಯಲ್ಪಡುತ್ತಿದ್ದವರು ಮನೆಮನೆಗೆ ಹೋಗಿ, ಗಂಡಸರು ಹೋಗಲಾರದ ಒಳಮನೆಗಳಲ್ಲಿ ಕುಳಿತು, ಓದುಬರಹವನ್ನೂ ದೇವರ ವಾಕ್ಯವನ್ನೂ ಕಲಿಸಿದರು. ಅವರಲ್ಲಿ ಬಹುಮಂದಿಯ ಹೆಸರುಗಳು ಯಾವ ಗೋಡೆಯ ಮೇಲೂ ಕೆತ್ತಲ್ಪಟ್ಟಿಲ್ಲ. ಕೆಲಸವು ಅವರದಾಗಿತ್ತು, ಆಲೋಚನೆಯು ಬೇರೆಯವರದಾಗಿತ್ತು. 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಮಹಾದೇವಾಲಯದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳವರು ಕೂಡಿ ದಕ್ಷಿಣ ಭಾರತ ಸಭೆಯಾಗಿ ಒಂದಾದರು. 1952ರಲ್ಲಿ ಆ ಸಭೆಯಲ್ಲಿ ಸಹೋದರಿಯರ ಸಂಘವು ಏರ್ಪಟ್ಟಿತು. ಬೆಂಗಳೂರಿನ ವಿಶ್ರಾಂತಿ ನಿಲಯವು ಅದರ ಮನೆಯಾಯಿತು. ತರುವಾಯ ಸ್ತ್ರೀಯರಿಗೂ ಗುರುದೀಕ್ಷೆಯು ದೊರೆಯತೊಡಗಿತು. 2013ರಲ್ಲಿ ಶ್ರೀಮತಿ ಪುಷ್ಪಲಲಿತಾ ಎಂಬವರು ನಂದ್ಯಾಲ ಸಭಾಪ್ರಾಂತಕ್ಕೆ ಬಿಷಪ್ಪರಾಗಿ ಅಭಿಷಿಕ್ತರಾದರು; ದಕ್ಷಿಣ ಭಾರತ ಸಭೆಯಲ್ಲಿ ಆ ಪದವಿಗೆ ಬಂದ ಮೊದಲನೆಯ ಸ್ತ್ರೀ ಅವರೇ.

ಹೀಗೆ ನಮ್ಮ ಅಜ್ಜಿಯರ ಕಾಲದಲ್ಲಿ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಆದರೆ ತೆರೆದ ಬಾಗಿಲಿನೊಳಗೆ ಹೋಗಲು ಸಿದ್ಧವಾದವರು ಬೇಕಲ್ಲವೇ? ಚಿಕ್ಕ ಊರುಗಳ ಸಭೆಗಳಲ್ಲಿ ಒಬ್ಬ ಉಪಾಧ್ಯಾಯಿನಿಯು ಇಪ್ಪತ್ತು ವರ್ಷ ಭಾನುವಾರ ಶಾಲೆಯನ್ನು ಚೆನ್ನಾಗಿ ನಡಿಸಿ, ಕೊನೆಗೆ ವರ್ಗವಾಗಿಯೋ ಕಾಯಿಲೆಬಿದ್ದೋ ಹೋದೊಡನೆ, ಆ ಶಾಲೆಯು ಮುಚ್ಚಿಹೋಗುವುದುಂಟು. ಅವಳ ಭಕ್ತಿಗೆ ಕೊರತೆಯಿರಲಿಲ್ಲ, ಮಕ್ಕಳಿಗೂ ಕೊರತೆಯಿರಲಿಲ್ಲ. ಅವಳ ಬಳಿಯಲ್ಲಿ ಕೆಲಸ ಕಲಿತ ಮತ್ತೊಬ್ಬಳಿರಲಿಲ್ಲ, ಅಷ್ಟೇ. ಒಬ್ಬಳ ಮೇಲೆ ನಿಂತ ಕೆಲಸವು ಅವಳೊಡನೆ ಬೀಳುತ್ತದೆ. ಹತ್ತು ವರ್ಷದೊಳಗೆ ಆ ಊರಿನ ಎಳೆಯರು ಸಭೆಗೆ ಅಪರಿಚಿತರಾಗುತ್ತಾರೆ. ನಾಯಕತ್ವವನ್ನು ಬೆಳೆಸುವ ಮಾತು ಇಂಥ ನಷ್ಟವನ್ನು ತಪ್ಪಿಸುವ ಮಾತೇ ಹೊರತು ಯಾರ ಹೆಚ್ಚಳದ ಮಾತೂ ಅಲ್ಲ.

ಇನ್ನು ಅದು ಬೆಳೆಯುವ ಬಗೆಯನ್ನು ನೋಡೋಣ. ಇದಕ್ಕೆ ನಮ್ಮ ದೇಶದ ಇಬ್ಬರ ಜೀವಿತವು ಒಳ್ಳೇ ನಿದರ್ಶನವಾಗಿದೆ. ಒಬ್ಬರು ಪಂಡಿತಾ ರಮಾಬಾಯಿಯವರು. ಅವರು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅಡವಿಯಲ್ಲಿ ಹುಟ್ಟಿದವರು. ಮತ್ತೊಬ್ಬರು ಬಿಷಪ್ ವೇದನಾಯಕಂ ಸ್ಯಾಮುವೇಲ್ ಅಜರಾಯ್ಯನವರು. ಅವರು 1874ರಲ್ಲಿ ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ ಬಡ ಸಭಾಪಾಲಕರ ಮಗನಾಗಿ ಹುಟ್ಟಿದವರು.

ನಾಯಕತ್ವದ ಬೇರು ಏಕಾಂತದಲ್ಲಿದೆ. ಪ್ರಾರ್ಥನೆಯೂ ಓದೂ ಇಲ್ಲದವರು ಮಾತನಾಡಬಲ್ಲರು. ಆದರೆ ಬಹುಕಾಲ ಉಣಿಸಲಾರರು. ಬರಿದಾದ ಕೊಡದಿಂದ ನೀರು ಬಗ್ಗಿಸುವುದು ಹೇಗೆ? ರಮಾಬಾಯಿಯವರಿಗೆ ಅವರ ತಾಯಿ ಲಕ್ಷ್ಮೀಬಾಯಿಯವರೇ ಸಂಸ್ಕೃತವನ್ನು ಕಲಿಸಿದರು. ಹೆಂಗಸರಿಗೆ ಆ ವಿದ್ಯೆಯನ್ನು ಕಲಿಸಬಾರದೆಂದು ಜನರು ಹೇಳುತ್ತಿದ್ದ ಕಾಲವದು. 1874ರಲ್ಲಿ ಕ್ಷಾಮದ ಸಂಕಟದಿಂದ ತಂದೆತಾಯಿಗಳು ತೀರಿಕೊಂಡ ಮೇಲೆ ಅವರು ಅಣ್ಣನೊಡನೆ ದೇಶವನ್ನು ನಡೆದು ಸುತ್ತಿದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯವನ್ನು ಮೆಚ್ಚಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನವನ್ನು ಹೊಂದಿದರು. ಇಷ್ಟು ಕಲಿತಿದ್ದರೂ ಅವರ ಓದು ನಿಲ್ಲಲಿಲ್ಲ. ಆಗ ಇದ್ದ ಮರಾಠೀ ಬೈಬಲಿನ ಭಾಷೆಯು ಸಾಮಾನ್ಯ ಹೆಂಗಸರಿಗೆ ಕಠಿಣವಾಗಿದೆಯೆಂದು ಕಂಡು, ನಡುವಯಸ್ಸು ದಾಟಿದ ಮೇಲೆ ಅವರು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ವ್ಯಾಸಂಗಮಾಡಿ ಸುಲಭವಾದ ಮರಾಠಿಯಲ್ಲಿ ಬೈಬಲನ್ನು ಭಾಷಾಂತರಿಸಿದರು. ಅದು ಅವರ ಮರಣಾನಂತರ 1924ರಲ್ಲಿ ಅಚ್ಚಾಗಿ ಹೊರಬಂದಿತು. ತಿಳಿದವರ ಮೆಚ್ಚಿಗೆಗಾಗಿ ಕಲಿಯುವುದು ಒಂದು; ತಿಳಿಯದವರ ಉಪಯೋಗಕ್ಕಾಗಿ ಕಲಿಯುವುದು ಮತ್ತೊಂದು. ಸಭೆಯ ನಾಯಕಿಗೆ ಬೇಕಾದುದು ಎರಡನೆಯದು.

ಬೇರು ಕಾಣದೆ ಬೆಳೆದರೂ ಮೊಳಕೆಯು ಕಣ್ಣಿಗೆ ಕಾಣುವಂತೆ ಏಳಬೇಕು. ಆ ಮೊಳಕೆಯೇ ಚಿಕ್ಕ ಕೆಲಸದಲ್ಲಿ ತೋರುವ ನಂಬಿಗಸ್ತಿಕೆ. ದೊಡ್ಡ ಕೆಲಸವು ದೊರೆತಾಗ ದುಡಿಯುವೆನೆಂದು ಕಾದಿರುವವರಿಗೆ ದೊಡ್ಡ ಕೆಲಸವು ಬರುವುದೇ ಇಲ್ಲ. ಭಾನುವಾರ ಶಾಲೆಯ ಎಳೆಯ ಮಕ್ಕಳ ತರಗತಿಯನ್ನೇ ತೆಗೆದುಕೊಳ್ಳೋಣ. ಶನಿವಾರ ರಾತ್ರಿ ಪುಸ್ತಕವನ್ನು ತಿರುವಿ ಮರುದಿನ ಹೇಳಿಬಿಡುವವಳೂ ಉಪಾಧ್ಯಾಯಿನಿಯೇ. ಆದರೆ ವಾರದ ಆರಂಭದಲ್ಲಿಯೇ ಪಾಠವನ್ನು ಓದಿ, ಅದರ ಒಂದೇ ಒಂದು ಮುಖ್ಯ ಭಾವವನ್ನು ಆರಿಸಿಕೊಂಡು, ತನ್ನ ಊರಿನ ಹೊಲ ಬಾವಿ ಸಂತೆಗಳಿಂದ ಅದಕ್ಕೆ ಹೋಲಿಕೆಯನ್ನು ಹುಡುಕಿ, ಹಿಂದಿನ ಭಾನುವಾರ ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸಿ ಬರುವವಳು ಬೇರೆ. ಅವಳು ಪಾಠವನ್ನು ಮಾತ್ರವಲ್ಲದೆ ಮಂದೆಯನ್ನು ಕಾಯುವುದನ್ನೂ ಕಲಿಯುತ್ತಿದ್ದಾಳೆ. ಹತ್ತು ಮಕ್ಕಳ ಹೆಸರನ್ನೂ ಅವರವರ ಮನೆಯ ಕಷ್ಟವನ್ನೂ ಅರಿತವಳಿಗೆ ನಾಳೆ ನೂರು ಮಂದಿಯ ಸಭೆಯು ಹೊಸದಾಗಿ ತೋರದು.

ಚಿಕ್ಕ ಕೆಲಸವನ್ನು ಮಾಡುತ್ತಿರುವಾಗಲೇ ಸುತ್ತಲಿನ ಕೊರತೆಯು ಕಣ್ಣಿಗೆ ಬೀಳುತ್ತದೆ. ಅದನ್ನು ಕಂಡು ಸುಮ್ಮನಿರಲಾರದಿರುವುದೇ ಮುಂದಿನ ಹೆಜ್ಜೆ. ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. 1896-97ರ ಘೋರ ಕ್ಷಾಮದಲ್ಲಿ ಮಧ್ಯಪ್ರಾಂತದ ಹುಡುಗಿಯರು ಅನ್ನವಿಲ್ಲದೆ ದುರ್ಜನರ ಕೈಗೆ ಬೀಳುತ್ತಿರುವರೆಂದು ಕೇಳಿದಾಗ, ತಾವೇ ಅಲ್ಲಿಗೆ ಹೋಗಿ ನೂರಾರು ಮಂದಿಯನ್ನು ಕರೆತಂದರು. ಅವರಿಗಾಗಿ ಪುಣೆಯ ಸಮೀಪದ ಕೇಡಗಾಂವಿನ ಬಯಲಿನಲ್ಲಿ ಮುಕ್ತಿ ಸದನವು ಬೆಳೆಯಿತು. ಇಲ್ಲಿ ಗಮನಿಸಬೇಕಾದ ಒಂದು ವಿಷಯವುಂಟು. ಅವರು ಆ ಹುಡುಗಿಯರಿಗೆ ಬರಿಯ ಊಟವನ್ನು ಕೊಟ್ಟು ಕೂರಿಸಲಿಲ್ಲ. ಓದು ಬರಹ, ನೇಯಿಗೆ, ತೋಟದ ಕೆಲಸ, ಅಚ್ಚಿನ ಕೆಲಸ ಮುಂತಾದುವನ್ನು ಕಲಿಸಿದರು. ತಮ್ಮ ಭಾಷಾಂತರದ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಆ ಸದನದ ಸ್ತ್ರೀಯರೇ. ನೆರವು ಪಡೆದವಳು ನೆರವಾಗುವವಳಾಗಬೇಕೆಂಬುದೇ ಅವರ ಉದ್ದೇಶವಾಗಿತ್ತು. ಜನರನ್ನು ತನ್ನ ಮೇಲೆಯೇ ಒರಗಿಸಿಕೊಳ್ಳುವ ನಾಯಕಿಯು ಅವರ ಕಾಲುಗಳನ್ನು ಬಲಹೀನಮಾಡುತ್ತಾಳೆ.

ಕೆಲಸವು ದೊಡ್ಡದಾದಂತೆ ಒಬ್ಬರಿಂದ ಸಾಗದು. ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಅವನ ಮಾವನಾದ ಇತ್ರೋನನು ಕಂಡು, ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿದನು. ತರುವಾಯ ಸಾವಿರಕ್ಕೂ ನೂರಕ್ಕೂ ಐವತ್ತಕ್ಕೂ ಹತ್ತಕ್ಕೂ ಒಬ್ಬೊಬ್ಬರಂತೆ ಅಧಿಪತಿಗಳು ನೇಮಿಸಲ್ಪಟ್ಟರು. ಯೆರೂಸಲೇಮಿನ ಆದಿಸಭೆಯಲ್ಲಿಯೂ ವಿಧವೆಯರ ದಿನದ ಊಟದ ಹಂಚಿಕೆಯಲ್ಲಿ ಗುಣುಗುಟ್ಟುವಿಕೆಯು ಹುಟ್ಟಿದಾಗ, ಅಪೊಸ್ತಲರು ಅದನ್ನು ತಾವೇ ಹೊತ್ತುಕೊಳ್ಳದೆ, ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿದರು. ದೂರನ್ನು ತಳ್ಳಿಹಾಕಲೂ ಇಲ್ಲ, ಕೆಲಸವನ್ನು ಬಚ್ಚಿಟ್ಟುಕೊಳ್ಳಲೂ ಇಲ್ಲ.

ಬಿಷಪ್ ಅಜರಾಯ್ಯನವರ ಜೀವಿತದಲ್ಲಿ ಇದೇ ಮಾದರಿಯನ್ನು ಕಾಣುತ್ತೇವೆ. ಅವರು ತಮಿಳು ಸೀಮೆಯವರು. ಪರದೇಶದವರ ಹಣದಿಂದಲ್ಲ, ಭಾರತೀಯರ ಕಾಣಿಕೆಯಿಂದಲೇ ಭಾರತದಲ್ಲಿ ಸುವಾರ್ತೆಯು ಹಬ್ಬಬೇಕೆಂದು 1903ರಲ್ಲಿ ತಿರುನೆಲ್ವೇಲಿಯಲ್ಲಿಯೂ 1905ರಲ್ಲಿ ಸೇರಾಂಪುರದಲ್ಲಿಯೂ ಮಿಷನ್ ಸಂಘಗಳನ್ನು ಕಟ್ಟುವುದಕ್ಕೆ ಅವರು ಮುಂದಾಳುಗಳಲ್ಲೊಬ್ಬರಾಗಿದ್ದರು. ಇತರರನ್ನು ಕಳುಹಿಸಿ ತಾವು ಊರಲ್ಲಿ ಉಳಿಯುವುದು ಸರಿಯಲ್ಲವೆಂದು, ತೆಲುಗನ್ನು ಕಲಿತು, ತಾವೇ ದೋರ್ನಕಲ್ ಸೀಮೆಗೆ ಹೋದರು. 1912ನೆಯ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಬಿಷಪ್ಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಏರಿದ ಮೊದಲನೆಯ ಭಾರತೀಯರು ಅವರು. ಹಳ್ಳಿಗಳಲ್ಲಿ ಸಭೆಗಳು ತೀವ್ರವಾಗಿ ಹೆಚ್ಚುತ್ತಿದ್ದಾಗ ಅವರು ಹಳ್ಳಿಯ ಉಪದೇಶಕರನ್ನು ಸಿದ್ಧಪಡಿಸುವುದರಲ್ಲಿ ತಮ್ಮ ಶಕ್ತಿಯನ್ನು ವೆಚ್ಚಮಾಡಿದರು. ಅವರ ಶಾಲೆಯಲ್ಲಿ ಗಂಡಂದಿರೊಡನೆ ಹೆಂಡಂದಿರಿಗೂ ಶಿಕ್ಷಣವು ದೊರೆಯುತ್ತಿತ್ತು. ಯಾಕಂದರೆ ಹಳ್ಳಿಯ ಹೆಂಗಸರ ಬಳಿಗೆ ಸುವಾರ್ತೆಯನ್ನು ಒಯ್ಯತಕ್ಕವರು ಆ ಹೆಂಡಂದಿರೇ ಆಗಿದ್ದರು. 1945ನೆಯ ಜನವರಿ 1ರಂದು ಅವರು ತೀರಿಕೊಂಡಾಗ ಕೆಲಸವು ನಿಲ್ಲಲಿಲ್ಲ. ಕಲಿಸಲ್ಪಟ್ಟವರು ಹಳ್ಳಿಹಳ್ಳಿಯಲ್ಲಿದ್ದರು.

ನಮ್ಮ ಸಭೆಗಳಲ್ಲಿ ಇದನ್ನು ನಡಿಸುವುದು ಕಷ್ಟವಲ್ಲ. ಸ್ತ್ರೀಯರ ಕೂಟಕ್ಕೆ ಒಬ್ಬಳೇ ಅಧ್ಯಕ್ಷಿಣಿಯೂ ಕಾರ್ಯದರ್ಶಿನಿಯೂ ಪ್ರಾರ್ಥನೆ ನಡಿಸುವವಳೂ ಆಗಬೇಕಾಗಿಲ್ಲ. ಈ ತಿಂಗಳು ವಾಕ್ಯವನ್ನು ಓದಿದವಳು ಮುಂದಿನ ತಿಂಗಳು ಅದನ್ನು ವಿವರಿಸಲಿ. ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಹೊಸ ಸೊಸೆಗೆ ರೋಗಿಗಳನ್ನು ನೋಡಿಬರುವ ಕೆಲಸವನ್ನು ಜೊತೆಯೊಂದಿಗೆ ಒಪ್ಪಿಸಲಿ. ಅವಳು ಮೊದಲ ಸಾರಿ ತಡವರಿಸುವಳು. ಎರಡನೆಯ ಸಾರಿ ಕಡಿಮೆ ತಡವರಿಸುವಳು. ಆ ಮೊದಲ ತಡವರಿಕೆಯನ್ನು ತಾಳಿಕೊಳ್ಳಲಾರದ ಹಿರಿಯರೇ ಸಭೆಯನ್ನು ಬಡತನಕ್ಕೆ ತರುವವರು.

ಹಣದ ವಿಷಯವನ್ನು ಹೇಳದೆ ಬಿಡಲಾಗದು. ಒಳ್ಳೇ ಹೆಸರು ಸಂಪಾದಿಸಿದ ಅನೇಕರು ಲೆಕ್ಕದ ಅಜಾಗರೂಕತೆಯಿಂದ ಅದನ್ನು ಕಳೆದುಕೊಂಡಿರುವರು. ಅವರಲ್ಲಿ ಎಲ್ಲರೂ ಮೋಸಗಾರರಾಗಿರಲಿಲ್ಲ. ಕೆಲವರು ತಮ್ಮ ಹಣವನ್ನೂ ಸಭೆಯ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರು, ಅಷ್ಟೇ. ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧರ್ಮದ್ರವ್ಯವನ್ನು ಒಯ್ಯುವಾಗ ತಾನೊಬ್ಬನೇ ಒಯ್ಯದೆ ಸಭೆಗಳು ಆರಿಸಿದ ಸಹೋದರರನ್ನು ಜೊತೆಗೆ ಇಟ್ಟುಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಡತೆಯು ನಿಷ್ಕಳಂಕವಾಗಿ ತೋರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಆದದರಿಂದ ಕಾಣಿಕೆಯನ್ನು ಯಾವಾಗಲೂ ಇಬ್ಬರು ಕೂಡಿ ಎಣಿಸಬೇಕು. ಎಣಿಸಿದೊಡನೆ ಬರೆದು ಇಬ್ಬರೂ ರುಜುಹಾಕಬೇಕು. ಹಣ ಕೊಟ್ಟವರಿಗೆ ರಸೀದಿಯನ್ನು ಕೊಡಬೇಕು. ವರ್ಷಕ್ಕೊಮ್ಮೆಯಾದರೂ ಲೆಕ್ಕವನ್ನು ಸಭೆಯ ಮುಂದೆ ಓದಬೇಕು. ಲೆಕ್ಕ ಕೇಳಿದವರ ಮೇಲೆ ಸಿಟ್ಟಾಗುವುದು ನಾಯಕಿಗೆ ತಕ್ಕದ್ದಲ್ಲ. ಕೇಳುವವರೂ ಸಂಶಯದ ಧ್ವನಿಯಿಂದಲ್ಲ, ಪಾಲುಗಾರರ ಧ್ವನಿಯಿಂದ ಕೇಳಲಿ.

ಬೆಳೆಯುವ ಗಿಡಕ್ಕೆ ಗಾಳಿಯ ಹೊಡೆತವೂ ಇರುವುದು. ಮುಂದೆ ನಿಂತವರನ್ನು ಜನರು ಮಾತನಾಡಿಕೊಳ್ಳುವರು. ರಮಾಬಾಯಿಯವರನ್ನು ಎರಡು ಕಡೆಯವರೂ ನಿಂದಿಸಿದರು. ಅವರು ಹುಡುಗಿಯರನ್ನು ಕ್ರೈಸ್ತರಾಗುವಂತೆ ಪ್ರೇರಿಸುತ್ತಾರೆಂದು 1893ರ ಸುಮಾರಿಗೆ ಪುಣೆಯಲ್ಲಿ ಗದ್ದಲವೆದ್ದು, ಅನೇಕರು ತಮ್ಮ ಮಕ್ಕಳನ್ನು ಸದನದಿಂದ ಬಿಡಿಸಿಕೊಂಡು ಹೋದರು. ಇತ್ತ ಇಂಗ್ಲೆಂಡಿನಲ್ಲಿ ಅವರಿಗೆ ಆಶ್ರಯಕೊಟ್ಟ ಸಹೋದರಿಯರು, ಇವರು ಸಭೆಯ ಹಿರಿಯರು ಹೇಳಿದುದನ್ನೆಲ್ಲಾ ಒಪ್ಪಿಕೊಳ್ಳದೆ ಪ್ರಶ್ನೆಗಳನ್ನು ಕೇಳುತ್ತಾರೆಂದು ನೊಂದುಕೊಂಡರು. ರಮಾಬಾಯಿಯವರು ಆ ಸಹೋದರಿಯರ ಉಪಕಾರವನ್ನು ಮರೆಯಲೂ ಇಲ್ಲ, ತಮ್ಮ ಮನಸ್ಸಾಕ್ಷಿಯನ್ನು ಅವರಿಗೆ ಒಪ್ಪಿಸಿಬಿಡಲೂ ಇಲ್ಲ. ಇದರಿಂದ ನಾವು ಕಲಿಯತಕ್ಕದ್ದೇನು? ಆಕ್ಷೇಪಣೆಯು ಬಂದಾಗ ಮೊದಲು ಅದರಲ್ಲಿ ಸತ್ಯವುಂಟೋ ಎಂದು ನೋಡಬೇಕು. ಸತ್ಯವಿದ್ದರೆ ತಿದ್ದಿಕೊಳ್ಳಬೇಕು, ಇಲ್ಲದಿದ್ದರೆ ಕಹಿಯಿಲ್ಲದೆ ಕೆಲಸವನ್ನು ಮುಂದುವರಿಸಬೇಕು. ಪ್ರತಿಯೊಂದು ಮಾತಿಗೂ ಉತ್ತರಕೊಡುತ್ತಾ ಹೋಗುವವರಿಗೆ ಕೆಲಸ ಮಾಡಲು ಹೊತ್ತು ಉಳಿಯುವುದಿಲ್ಲ.

ಕೊನೆಯದಾಗಿ, ನಾಯಕತ್ವವು ಬಲಿತಿದೆಯೆಂಬುದಕ್ಕೆ ಗುರುತು ಯಾವುದು? ಹಣ್ಣಿನೊಳಗಿನ ಬೀಜವೇ. ತಾನಿಲ್ಲದಾಗ ಕೆಲಸವನ್ನು ನಡಿಸತಕ್ಕವರನ್ನು ಸಿದ್ಧಪಡಿಸಿದವಳೇ ಬಲಿತ ನಾಯಕಿ. ರಮಾಬಾಯಿಯವರು ತಮ್ಮ ಒಬ್ಬಳೇ ಮಗಳಾದ ಮನೋರಮಾಬಾಯಿಯನ್ನು ತಮ್ಮ ತರುವಾಯದ ಕೆಲಸಕ್ಕಾಗಿ ಸಿದ್ಧಮಾಡಿದರು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಕ್ರೈಸ್ತ ಹೈಸ್ಕೂಲು ಏರ್ಪಟ್ಟಾಗ ಅದರ ಭಾರವನ್ನು ಹೊತ್ತವರು ಆ ಮಗಳೇ. ಆದರೆ 1921ರಲ್ಲಿ ಮಗಳು ತಾಯಿಗಿಂತ ಮೊದಲೇ ತೀರಿಕೊಂಡರು. 1922ನೆಯ ಏಪ್ರಿಲ್ 5ರಂದು ತಾಯಿಯೂ ತೀರಿಕೊಂಡರು. ಒಂದೇ ವರ್ಷದೊಳಗೆ ನಾಯಕಿಯೂ ಉತ್ತರಾಧಿಕಾರಿಣಿಯೂ ಇಲ್ಲದಂತಾಯಿತು. ಆದರೂ ಮುಕ್ತಿ ಸದನವು ಮುಚ್ಚಲಿಲ್ಲ. ಇಂದಿಗೂ ಅದರ ಕೆಲಸವು ನಡೆಯುತ್ತಿದೆ. ಒಬ್ಬಳನ್ನು ಸಿದ್ಧಮಾಡಿದರೂ ಸಾಲದು, ಹಲವರನ್ನು ಸಿದ್ಧಮಾಡಬೇಕೆಂಬ ಪಾಠವನ್ನು ಈ ದುಃಖದ ವೃತ್ತಾಂತವೇ ನಮಗೆ ಹೇಳುತ್ತದೆ.

ತಾಯ್ತಂದೆಗಳೇ, ಈ ವಿಷಯದಲ್ಲಿ ನಿಮ್ಮ ಪಾಲು ದೊಡ್ಡದು. ತಿಮೊಥೆಯನ ನಂಬಿಕೆಯು ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನೀಕೆಯಲ್ಲಿಯೂ ನೆಲೆಗೊಂಡಿತ್ತೆಂದು ಪೌಲನು ನೆನಪಿಗೆ ತಂದುಕೊಳ್ಳುತ್ತಾನೆ. ಮಗಳು ಸಭೆಯಲ್ಲಿ ಎದ್ದು ಮಾತನಾಡಿದಾಗ, ಹೆಣ್ಣಿಗೆ ಇದೆಲ್ಲಾ ಏಕೆಂದು ಅವಳನ್ನು ಕೂರಿಸಬೇಡಿರಿ. ಎಫೆಸದಲ್ಲಿ ವಾಕ್ಚಾತುರ್ಯವುಳ್ಳ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳಲ್ಲವೇ? ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆಯನ್ನು ಪೌಲನು ರೋಮಿನವರಿಗೆ ಗೌರವದಿಂದ ಪರಿಚಯಮಾಡಿಕೊಡಲಿಲ್ಲವೇ? ಬೆಳೆಯ ಹಬ್ಬದಂದು ಅಡಿಗೆಗೂ ಅಲಂಕಾರಕ್ಕೂ ಹೆಂಗಸರು ಬೇಕು, ಆಲೋಚನೆಯ ಸಮಯಕ್ಕೆ ಮಾತ್ರ ಬೇಡ ಎಂಬ ವಾಡಿಕೆಯು ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಬಿಡಿಸಬೇಕಾದವರು ಸಭೆಯ ಹಿರಿಯರಾದ ನೀವೇ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಈ ಶಾಲೆಯಲ್ಲಿ ನೀವು ಕಲಿತುದು ಪರೀಕ್ಷೆಯ ಪಾಠಗಳನ್ನು ಮಾತ್ರವೇ ಅಲ್ಲ. ತರಗತಿಯ ಮುಖ್ಯಸ್ಥಳಾಗಿ ಗದ್ದಲವನ್ನು ಅಡಗಿಸಿದಿರಿ. ಬೆಳಗಿನ ಪ್ರಾರ್ಥನೆಯಲ್ಲಿ ನಡುಗುವ ಧ್ವನಿಯಿಂದ ವಾಕ್ಯವನ್ನು ಓದಿದಿರಿ. ಚಿಕ್ಕವರ ಕೈಹಿಡಿದು ದೇವಾಲಯಕ್ಕೆ ಕರೆದೊಯ್ದಿರಿ. ಬೀಜವು ಅಲ್ಲಿಯೇ ಬಿತ್ತಲ್ಪಟ್ಟಿತು. ಅದನ್ನು ಬೆಳೆಸುವ ಭಾರವು ಈಗ ನಿಮ್ಮದು. ನಿಮ್ಮ ಊರಿನ ಸಭೆಯಲ್ಲಿ ಯಾರೂ ಹಿಡಿಯದೆ ಬಿಟ್ಟಿರುವ ಒಂದು ಚಿಕ್ಕ ಕೆಲಸವನ್ನು ನೋಡಿರಿ. ಅದನ್ನು ಒಂದು ವರ್ಷ ತಪ್ಪದೆ ಮಾಡಿರಿ. ಆ ವರ್ಷದೊಳಗೆ ನಿಮಗಿಂತ ಚಿಕ್ಕವಳೊಬ್ಬಳಿಗೆ ಅದನ್ನು ಕಲಿಸಿರಿ. ನೆಟ್ಟವರೂ ನೀರು ಹೊಯ್ದವರೂ ಬೇರೆ ಬೇರೆಯಾದರೂ ಬೆಳೆಸುವಾತನು ದೇವರೇ. ಆತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ.